ಯಾವ ಗುಡ್ಡ?

ಬೆರಳಿಗೆ ಅಂಟಿದ ಗೋಂದು ಇನ್ನೂ ಪೂರ್ತಿ ಬಿಟ್ಟಿಲ್ಲ. ಬೆಳಿಗ್ಗೆ ಹಿಟ್ಟು ಕಲಸುವಾಗ ಅರ್ಧ ಚಪಾತಿಯೊಳಗೆ ಹೋಗಿರಬೇಕು.

ಭಾನುವಾರ ರಾತ್ರಿ ಎಂಟೂಮುಕ್ಕಾಲಿಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು. ಎರಡನೇ ತರಗತಿಯ ಮಕ್ಕಳು ನಾಳೆ ಬಣ್ಣದ ಕಾಗದದಲ್ಲಿ ಐದು ಪದರದ ಬೆಟ್ಟಸಾಲು ಮಾಡಿ ತರಬೇಕು. ಹಿಂದಿನದು ತಿಳಿ, ಮುಂದಿನದು ಗಾಢ, ನಡುನಡುವೆ ರಟ್ಟಿನ ತುಂಡು. ಕೊನೆಯಲ್ಲೊಂದು ಸಾಲು: 'ಮಗುವೇ ಮಾಡಲಿ, ಪೋಷಕರು ಕೈ ಹಾಕಬಾರದು.' ಮಗು ಆಗಲೇ ಸೋಫಾದ ಮೇಲೆ ಅರ್ಧ ನಿದ್ದೆಯಲ್ಲಿತ್ತು.

ಶಟರ್ ಎಳೆಯುತ್ತಿದ್ದ ಸ್ಟೇಷನರಿ ಅಂಗಡಿಗೆ ಓಡಿದೆ. ಅಲ್ಲಿದ್ದದ್ದು ಗಿಳಿಹಸಿರು ಒಂದೇ. 'ಐದು ಥರದ ಹಸಿರು ಬೇಕಿತ್ತು' ಎಂದರೆ, 'ಇದನ್ನೇ ಐದು ಹಾಳೆ ಕೊಡಲೇ?' ಎಂದರು. ಒಂದು ಹಸಿರು, ಎರಡು ಬಗೆಯ ನೀಲಿ, ಒಂದು ಬೂದು, ಒಂದು ಕಪ್ಪು ಹಿಡಿದುಕೊಂಡು ಬಂದೆ. ಬೆಟ್ಟ ನೀಲಿಯಾದರೆ ಟೀಚರ್ ಏನೆನ್ನುತ್ತಾರೋ ಎಂದು ನಾನು ಗೊಣಗಿದ್ದು ಅಪ್ಪನ ಕಿವಿಗೆ ಬಿತ್ತು.

ಅಪ್ಪ ಮಲೆನಾಡಿನ ಕಳಸದ ಬಳಿಯ ಸಂಸೆಯವರು, ನಿವೃತ್ತ ವಿಜ್ಞಾನ ಮೇಷ್ಟರು. 'ದೂರದ ಗುಡ್ಡ ನೀಲಿಯೇ. ನಡುವಿನ ಗಾಳಿ ನೀಲಿ ಬೆಳಕನ್ನು ಚದುರಿಸುತ್ತದೆ' ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ.

'ಯಾವ ಗುಡ್ಡ ಮಾಡುತ್ತಿದ್ದೀ?'

'ಯಾವುದೋ ಒಂದು, ಅಪ್ಪ.'

'ಹೆಸರಿಲ್ಲದ ಗುಡ್ಡ ಎಲ್ಲಿದೆ?'

ಹೀಗೆ, ರಾತ್ರಿ ಒಂಬತ್ತೂವರೆಗೆ, ನಮ್ಮ ಮನೆಯ ಊಟದ ಮೇಜಿನ ಮೇಲೆ ಕುದುರೆಮುಖ ಏಳತೊಡಗಿತು. ಮಗಳ ಕತ್ತರಿ ಮೊಂಡು. ಕಾಗದವನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದವರು ಈ ಕತ್ತರಿಯನ್ನು ಕಂಡವರಲ್ಲ. ಮೊದಲ ಕುದುರೆಗೆ ಗದ್ದವೇ ಬರಲಿಲ್ಲ. ಎರಡನೆಯದು ಕತ್ತೆ. ಮೂರನೆಯದನ್ನು ಅಪ್ಪ ಕೈ ಚಾಚಿ ದೂರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, 'ಮೂಗು ಉದ್ದವಾಯಿತು, ಕಳಸದ ಕಡೆಗೆ ಒಂದು ನೂಲು ತಗ್ಗಿಸು' ಎಂದರು. ತಗ್ಗಿಸಿದೆ. 'ಅಷ್ಟಲ್ಲ.' ಏರಿಸಲು ಕಾಗದವೇ ಉಳಿದಿರಲಿಲ್ಲ. ಹಿಂದಿನ ಪದರದಲ್ಲಿ ಮುಳ್ಳಯ್ಯನಗಿರಿಯನ್ನಾದರೂ ನನ್ನಿಷ್ಟಕ್ಕೆ ಬಿಡುತ್ತಾರೆಂದುಕೊಂಡರೆ, ಅದು ರಾಜ್ಯದಲ್ಲೇ ಎತ್ತರದ್ದು, 1,930 ಮೀಟರ್, ಕುದುರೆಮುಖಕ್ಕಿಂತ ತಗ್ಗಾಗಿ ಕಂಡರೆ ಮಕ್ಕಳು ತಪ್ಪು ಕಲಿಯುತ್ತಾರೆ ಎಂಬ ಆಕ್ಷೇಪ. ಈ ಗಲಾಟೆಗೆ ಮಗಳು ಎದ್ದು ಬಂದಳು. ನಾಲ್ಕನೇ ಕುದುರೆಯನ್ನು ನೋಡಿ, 'ಅಜ್ಜ, ಈ ಒಂಟೆ ಯಾಕೆ ಅಳುತ್ತಿದೆ?' ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೋಗಿ ಮಲಗಿದಳು.

ಐದನೆಯದನ್ನು ಅಪ್ಪನೇ ಕತ್ತರಿಸಿದರು. ಪೆನ್ಸಿಲ್ ಗುರುತು ಕೂಡ ಹಾಕಿಕೊಳ್ಳಲಿಲ್ಲ. ಸಂಸೆಯ ಮನೆ ಮಾರಿ ನಮ್ಮೊಡನೆ ಬಂದು ಎರಡು ವರ್ಷವಾಯಿತು. ಇಲ್ಲಿ ಅವರ ಕೋಣೆಯ ಕಿಟಕಿಗೆ ಎದುರು ಕಟ್ಟಡದ ನೀರಿನ ಟ್ಯಾಂಕುಗಳಷ್ಟೇ ಕಾಣುತ್ತವೆ. ಜಗಲಿಯ ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದ ಕಡೆಯಿಂದ ಎಷ್ಟು ಕಾಣುತ್ತಿತ್ತೋ ಅಷ್ಟೇ ಗುಡ್ಡ ಕಾಗದದಲ್ಲಿ ಬಂತು. ಅಮ್ಮ ಕೂರುತ್ತಿದ್ದ ಮೂಲೆಯಿಂದ ಗದ್ದ ಇನ್ನೂ ಸ್ವಲ್ಪ ಕಾಣುತ್ತಿತ್ತು ಎಂದರು. ನಾನು ಗೋಂದಿನ ಮುಚ್ಚಳ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ಗೋಂದು ಹೆಚ್ಚಾಗಿ ಬೆಳಗಾಗುವಷ್ಟರಲ್ಲಿ ಐದೂ ಪದರ ಹಪ್ಪಳದಂತೆ ಸುರುಳಿಕೊಂಡಿದ್ದವು. 'ಮಳೆಗಾಲ ಎಂದು ಹೇಳಿ ಮೇಲೊಂದು ಬಿಳಿ ಹಾಳೆ ಅಂಟಿಸು. ಜುಲೈಯಲ್ಲಿ ಅಲ್ಲಿ ಕಾಣುವುದೂ ಅಷ್ಟೇ' ಎಂದರು ಅಪ್ಪ. ಅದನ್ನು ಮೊದಲೇ ಹೇಳಿದ್ದರೆ ಒಂಬತ್ತೂವರೆಗೇ ಮಲಗಬಹುದಿತ್ತು.

ಸಂಜೆ ಮತ್ತೊಂದು ಸಂದೇಶ: ಮುಂದಿನ ವಾರ ನದಿ. ಮೊಬೈಲನ್ನು ತಿರುಗಿಸಿ ಬೋರಲಿಟ್ಟೆ. ತಡವಾಗಿತ್ತು. ಅಪ್ಪ ಕನ್ನಡಕ ಏರಿಸಿಕೊಂಡಾಗಿತ್ತು.

'ಗಂಗಾಮೂಲದಲ್ಲಿ ಮೂರು ಹುಟ್ಟುತ್ತವೆ. ತುಂಗೆಯೋ, ಭದ್ರೆಯೋ, ನೇತ್ರಾವತಿಯೋ?'