ಗಮ್ ಅಗಿಯುವ ಕ್ರಮ ತಪ್ಪಿದರೆ

'ನಿಕೋಟಿನ್ ಗಮ್ ತಿಂದರೂ ಸಿಗರೇಟ್ ಬಿಡಲಾಗಲಿಲ್ಲ' ಎಂದು ಸಿಗರೇಟ್ ಬಿಡುವ ಬಗೆಗಿನ ಲೇಖನವೊಂದರಲ್ಲಿ ಒಬ್ಬರು ಹೇಳಿದ್ದಾರೆ. ಅವರು ಅಗಿದದ್ದು ಹೇಗೆ ಎಂದು ಯಾರೂ ಕೇಳಿದಂತಿಲ್ಲ. ಸಿಗರೇಟಿನ ಚಪಲ ತಣಿಸಲೆಂದು ಅಲ್ಪ ನಿಕೋಟಿನ್ ಸೇರಿಸಿದ ಈ ಗಮ್ಮನ್ನು ಹಲವರು ಬಬಲ್ ಗಮ್ಮಿನಂತೆ ಒಂದೇ ಸಮನೆ ಜಗಿಯುತ್ತಾರೆ. ನಿಕೋಟಿನ್ ಎಂಜಲಿನ ಜತೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಶುರುವಾಗುತ್ತದೆ. ಅದು ದೇಹ ಸೇರಬೇಕಾದ್ದು ಕೆನ್ನೆಯ ಒಳಚರ್ಮದ ಮೂಲಕ. ನಿಧಾನವಾಗಿ ಅಗಿಯಿರಿ, ಬಾಯಿ ಖಾರವಾಗಿ ಜುಮ್ ಎಂದ ಕೂಡಲೇ ನಿಲ್ಲಿಸಿ ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಿ. ಜುಮ್ಮೆನ್ನುವುದು ನಿಂತ ಮೇಲೆ ಮತ್ತೆ ಅಗಿದು ಜಾಗ ಬದಲಿಸಿ. ಹೀಗೆ 30 ನಿಮಿಷ. ಕಾಫಿ, ಜ್ಯೂಸ್ ಕುಡಿದ 15 ನಿಮಿಷದೊಳಗೆ ಬೇಡ. ಬಾಯಲ್ಲಿ ಆಮ್ಲವಿದ್ದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗದು. (ಕಾಫಿ ಲೋಟ ಕಂಡರೆ ಸಿಗರೇಟ್ ನೆನಪಾಗುವ ನಮ್ಮವರು ಎಡವುವುದು ಇಲ್ಲೇ.)

ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 2 ಎಂಜಿ ಗಮ್ ಸಾಲದು, 4 ಎಂಜಿ ಬೇಕಾಗುತ್ತದೆ. ಅದಕ್ಕೆ ವೈದ್ಯರ ಚೀಟಿ ಬೇಕು. ಮೊದಲ 6 ವಾರ ಒಂದೆರಡು ಗಂಟೆಗೊಂದು, ಚಪಲ ಕೆರಳುವ ತನಕ ಕಾಯಬಾರದು. ಆಮೇಲೆ ಇಳಿಸುತ್ತ 12 ವಾರಕ್ಕೆ ನಿಲ್ಲಿಸುವುದು ಕ್ರಮ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಜತೆಗೆ ಗಮ್ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚು. ಸಿಗರೇಟ್ ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ.