ಲೆಕ್ಕಕ್ಕುಂಟು, ಆಟಕ್ಕಿಲ್ಲ

2023ರ ಬಾಸ್ಕೆಟ್‌ಬಾಲ್ ವಿಶ್ವಕಪ್ಪಿನಲ್ಲಿ ಲಿಥುವೇನಿಯಾ ಅಮೆರಿಕವನ್ನು 110-104ರಿಂದ ಸೋಲಿಸಿತು. ಆರು ಪಾಯಿಂಟ್ ಜಾಸ್ತಿ. ಕೆಲವೇ ದಿನಗಳಲ್ಲಿ ಅದೇ ಲಿಥುವೇನಿಯಾವನ್ನು ಪಕ್ಕದ ಲಾಟ್ವಿಯಾ 98-63ರಿಂದ ಚಚ್ಚಿ ಹಾಕಿತು. ಅಲ್ಲಿ 35 ಪಾಯಿಂಟ್. ಎರಡನ್ನೂ ಕೂಡಿಸಿ ನೋಡಿ, ಲಾಟ್ವಿಯಾ ಅಮೆರಿಕಕ್ಕಿಂತ 41 ಪಾಯಿಂಟ್ ಮೇಲು!

ಕೂಡಿಸಿದ್ದರಲ್ಲಿ ತಪ್ಪಿಲ್ಲ. ಒಪ್ಪೋಕೆ ಮಾತ್ರ ಯಾರೂ ತಯಾರಿಲ್ಲ, ಲಾಟ್ವಿಯಾದವರೂ ಒಪ್ಪಲಿಕ್ಕಿಲ್ಲ. ಆದರೂ ಟೂರ್ನಿ ಶುರುವಾಯಿತೆಂದರೆ ನಾವೆಲ್ಲ ಹಾಕೋದು ಇಂಥದ್ದೇ ಲೆಕ್ಕ. ಇವರು ಅವರನ್ನು ಸೋಲಿಸಿದ್ದಾರೆ, ಅವರು ಇನ್ನೊಬ್ಬರನ್ನು ಸೋಲಿಸಿದ್ದಾರೆ, ಆದ್ದರಿಂದ... ಆ 'ಆದ್ದರಿಂದ' ಬಂದ ಕೂಡಲೇ ಎಡವಟ್ಟು ಆಗುತ್ತದೆ. ನನಗಂತೂ ಅದೇ ಖುಷಿ.

ಇದಕ್ಕಿಂತ ದೊಡ್ಡ ಮೋಸ ಹೆಸರುಗಳದ್ದು. ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಆಟಗಾರರು ಎಷ್ಟು ಜನ ಅಂತ ಎಣಿಸಿ ತಂಡಗಳನ್ನು ಸಾಲಾಗಿ ನಿಲ್ಲಿಸಿಬಿಡುತ್ತೇವೆ. 2004ರ ಅಥೆನ್ಸ್ ಒಲಿಂಪಿಕ್ಸ್‌ಗೆ ಬಂದ ಅಮೆರಿಕ ತಂಡದಲ್ಲಿ ಟಿಮ್ ಡಂಕನ್ ಇದ್ದರು, ಆಲೆನ್ ಐವರ್ಸನ್ ಇದ್ದರು, ಆಗಿನ್ನೂ ಹುಡುಗನಾಗಿದ್ದ ಲೆಬ್ರಾನ್ ಜೇಮ್ಸ್ ಕೂಡ ಇದ್ದರು. ಮೊದಲ ಪಂದ್ಯದಲ್ಲೇ ಪೋರ್ಟೊ ರಿಕೊ 92-73ರಿಂದ ಸೋಲಿಸಿ ಕಳಿಸಿತು. ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾದ ಕೈಲಿ ಮತ್ತೆ ಸೋಲು. ಅರ್ಜೆಂಟೀನಾದವರದು ಏನು ಸ್ಪೆಷಲ್? ಮನು ಜಿನೋಬಿಲಿ, ಲೂಯಿಸ್ ಸ್ಕೋಲಾ, ಆಂಡ್ರೆಸ್ ನೊಸಿಯೊನಿ, ಇವರೆಲ್ಲ ವರ್ಷಗಟ್ಟಲೆ ಒಟ್ಟಿಗೆ ಆಡಿದವರು. ಚೆಂಡು ಕೈಗೆ ಬರುವ ಮೊದಲೇ ಮುಂದೆ ಯಾರಿಗೆ ಕೊಡಬೇಕು ಅನ್ನೋದು ಗೊತ್ತಿರುತ್ತಿತ್ತು. ಇತ್ತ ಅಮೆರಿಕದವರು ಕೆಲವೇ ವಾರಗಳ ಹಿಂದೆ ಒಂದಾದವರು. ಒಬ್ಬೊಬ್ಬರೂ ಲೆಕ್ಕಕ್ಕುಂಟು, ಒಟ್ಟಿಗೆ ನಿಲ್ಲಿಸಿದರೆ ಆಟಕ್ಕಿಲ್ಲ.

ಜೊತೆಗೆ ನಿಯಮಗಳೂ ಬೇರೆ. ಎನ್‌ಬಿಎದಲ್ಲಿ ಪಂದ್ಯ 48 ನಿಮಿಷ, ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಟೂರ್ನಿಗಳಲ್ಲಿ 40. ಅಲ್ಲಿ ಆರನೇ ಫೌಲಿಗೆ ಹೊರಗೆ, ಇಲ್ಲಿ ಐದಕ್ಕೇ ಆಟ ಮುಗಿಯಿತು. ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್ ಸಿಗುವ ಥ್ರೀ-ಪಾಯಿಂಟ್ ಗೆರೆಯೂ ಇಲ್ಲಿ ಸ್ವಲ್ಪ ಹತ್ತಿರ, 6.75 ಮೀಟರ್. ಚೆಂಡು ರಿಂಗಿಗೆ ತಗುಲಿ ಅಲ್ಲೇ ಮೇಲೆ ಕುಣಿಯುತ್ತಿದ್ದಾಗ ಫೀಬಾ ಪಂದ್ಯದಲ್ಲಿ ಅದನ್ನು ತಟ್ಟಿ ಎಸೆಯಬಹುದು. ಎನ್‌ಬಿಎದಲ್ಲಿ ಹಾಗೆ ಮಾಡುವಂತಿಲ್ಲ. ಮುಟ್ಟಬಾರದು ಅಂತ ಅಭ್ಯಾಸವಾದ ಕೈ ಸುಮ್ನೆ ಕೆಳಗೆ ಕಾಯುತ್ತಿರುವಾಗ ಯುರೋಪಿನ ಉದ್ದನೆಯ ಮನುಷ್ಯನೊಬ್ಬ ಬಂದು ಫಟ್ ಅಂತ ತಟ್ಟಿ ಹೋಗುತ್ತಾನೆ. ಎಂಟು ನಿಮಿಷ ಕಮ್ಮಿ ಅನ್ನೋದೂ ಸಣ್ಣ ಮಾತಲ್ಲ. ದುರ್ಬಲ ತಂಡಕ್ಕೆ ಎಂಟು ನಿಮಿಷ ಕಡಿಮೆ ಬೆವರಿದರೆ ಸಾಕು.

ಇನ್ನು ಕಾಲ ದಾಟಿ ಹೋಲಿಸುವವರು. 1992ರ ಡ್ರೀಮ್ ಟೀಮ್ ದೊಡ್ಡದೋ, 2024ರ ಅಮೆರಿಕ ತಂಡವೋ? 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಜೋರ್ಡಾನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಇದ್ದ ತಂಡ ಅಂಗೋಲಾವನ್ನು 116-48ರಿಂದ ಸೋಲಿಸಿತು. ಅವರಿಗೆ ಅತಿ ಹತ್ತಿರ ಬಂದದ್ದು ಫೈನಲ್‌ನಲ್ಲಿ ಕ್ರೊಯೇಷಿಯಾ, ಅದೂ 32 ಪಾಯಿಂಟ್ ದೂರದಲ್ಲಿ. ಎದುರಾಳಿಗಳೇ ಇವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ ಅದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹಾಗಿರಲಿಲ್ಲ. ಸೆಮಿಫೈನಲ್‌ನಲ್ಲಿ ಯೋಕಿಚ್‌ನ ಸರ್ಬಿಯಾ ಒಂದು ಹಂತದಲ್ಲಿ 17 ಪಾಯಿಂಟ್ ಮುಂದಿತ್ತು. ಸ್ಟೀಫನ್ ಕರಿ 36 ಪಾಯಿಂಟ್ ಹೊಡೆದ ಮೇಲೂ ಅಮೆರಿಕ ಗೆದ್ದದ್ದು 95-91ರಿಂದ. ನನ್ನನ್ನು ಕೇಳಿದರೆ ಆ 68 ಪಾಯಿಂಟಿನ ಗೆಲುವಿಗಿಂತ ಈ ನಾಲ್ಕು ಪಾಯಿಂಟಿನದೇ ತೂಕ ಜಾಸ್ತಿ. ಫೋಟೋ ಕೇಳುವವರನ್ನು ಸೋಲಿಸೋದು ಅಷ್ಟೇನೂ ಕಷ್ಟವಲ್ಲ ಅಲ್ವಾ?

ಅದಿರಲಿ, ಯಾವ ದೇಶವನ್ನು ಯಾವ ದೇಶದ ಜೊತೆ ಹೋಲಿಸೋದು ಅನ್ನೋದೇ ಒಮ್ಮೊಮ್ಮೆ ಗೊಂದಲ. 1988ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸೋವಿಯತ್ ತಂಡದ ಬೆನ್ನೆಲುಬು ಸಬೋನಿಸ್, ಮಾರ್ಚುಲಿಯೋನಿಸ್ ಥರದ ಲಿಥುವೇನಿಯಾದವರು. ನಾಲ್ಕೇ ವರ್ಷಕ್ಕೆ ಅವರು ತಮ್ಮದೇ ದೇಶದ ಹೆಸರಲ್ಲಿ ಆಡಿ, ಹಳೇ ಸೋವಿಯತ್ ದೇಶಗಳ ಜಂಟಿ ತಂಡವನ್ನು 82-78ರಿಂದ ಸೋಲಿಸಿ ಕಂಚು ಗೆದ್ದರು. ಬಣ್ಣಬಣ್ಣದ ಟೈ-ಡೈ ಟೀ ಶರ್ಟ್ ಹಾಕಿಕೊಂಡೇ ಪೋಡಿಯಂ ಹತ್ತಿದರು. ಈಗ ಸೋವಿಯತ್ ಚಿನ್ನವನ್ನು ಯಾರ ಲೆಕ್ಕಕ್ಕೆ ಬರೆಯೋದು? ಯುಗೊಸ್ಲಾವಿಯಾದ್ದೂ ಅದೇ ಕಥೆ. ಪೆಟ್ರೊವಿಚ್ ಮತ್ತು ಕುಕೊಚ್ ಕ್ರೊಯೇಷಿಯಾಕ್ಕೆ ಆಡಿದರು, ಅವರ ಹಳೇ ಜೊತೆಗಾರ, ಸರ್ಬಿಯಾದ ದಿವಾಚ್‌ಗೆ ಬಾರ್ಸಿಲೋನಾದಲ್ಲಿ ಆಡಲು ತಂಡವೇ ಇರಲಿಲ್ಲ. ಆ ದೇಶ ಒಡೆಯದೆ ಉಳಿದಿದ್ದರೂ ಡ್ರೀಮ್ ಟೀಮನ್ನು ಸೋಲಿಸುತ್ತಿತ್ತು ಅಂತ ನಾನು ಹೇಳಲಾರೆ, ಆದರೆ 32 ಪಾಯಿಂಟಿನ ಅಂತರ ಮಾತ್ರ ಇರುತ್ತಿರಲಿಲ್ಲ.

ಮಹಿಳೆಯರ ಕಡೆ ಹೋಲಿಕೆ ಸುಲಭ ಅಂದುಕೊಂಡಿದ್ದರು ಎಲ್ಲರೂ. 1996ರಿಂದ ಒಲಿಂಪಿಕ್ ಚಿನ್ನ ಅಮೆರಿಕ ಬಿಟ್ಟು ಬೇರೆಯವರಿಗೆ ಹೋಗಿಲ್ಲ. ಆದರೆ 2024ರ ಫೈನಲ್‌ನ ಕೊನೇ ಕ್ಷಣದಲ್ಲಿ 67-64. ಫ್ರಾನ್ಸ್‌ನ ಗ್ಯಾಬಿ ವಿಲಿಯಮ್ಸ್ ದೂರದಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು ರಿಂಗಿನೊಳಗೆ ಬಿತ್ತು. ತವರಿನ ಜನ ಎದ್ದು ನಿಂತರು. ಅಂಪೈರುಗಳು ತೋರಿಸಿದ್ದು ಎರಡು ಬೆರಳು, ಯಾಕೆಂದರೆ ಅವಳ ಪಾದ ಥ್ರೀ-ಪಾಯಿಂಟ್ ಗೆರೆ ಮೇಲಿತ್ತು. 67-66, ಪಂದ್ಯ ಮುಗಿಯಿತು. ಪಟ್ಟಿಯಲ್ಲಿ ಅಮೆರಿಕ ಒಂದನೇ ಸ್ಥಾನ, ಸರಿ. ಫ್ರಾನ್ಸ್ ಎಷ್ಟು ಕಡಿಮೆ ಅಂತ ಕೇಳಿದರೆ ಒಂದು ಶೂ ತುದಿಯಷ್ಟು ಅನ್ನಬೇಕಾಗುತ್ತದೆ.