ಆರು ಕಣ್ಣು, ಮೂರು ಚೌಕ

ಮುಕ್ಕಣ್ಣನಿಗೆ ಮೂರು ಕಣ್ಣು. ಸಿಟಿಬ್ಯಾಂಕಿಗೆ ಆರು. ಒಬ್ಬರು ಎಂಟ್ರಿ ಮಾಡಬೇಕು, ಇನ್ನೊಬ್ಬರು ತಾಳೆ ನೋಡಬೇಕು, ಮೂರನೆಯವರು ಮಂಜೂರು ಮಾಡಬೇಕು. ಮೇಕರ್, ಚೆಕರ್, ಅಪ್ರೂವರ್. 2020ರ ಆಗಸ್ಟ್ 11ರಂದು ಆರೂ ಕಣ್ಣು ತೆರೆದೇ ಇದ್ದವು. ಲಿಪ್‌ಸ್ಟಿಕ್ ಕಂಪನಿ ರೆವ್ಲಾನ್‌ಗೆ ಸಾಲ ಕೊಟ್ಟಿದ್ದವರಿಗೆ ಆ ಕಂಪನಿಯ ಪರವಾಗಿ ಬ್ಯಾಂಕು ಸುಮಾರು 78 ಲಕ್ಷ ಡಾಲರ್ ಬಡ್ಡಿ ಕಳಿಸಬೇಕಿತ್ತು. ಬಡ್ಡಿಯ ಹಿಂದೆ ಅಸಲೂ ಹೊರಟುಹೋಯಿತು. ಒಟ್ಟು ಸುಮಾರು 90 ಕೋಟಿ ಡಾಲರ್. ಅಸಲು ರೆವ್ಲಾನಿನದಲ್ಲ, ಬ್ಯಾಂಕಿನ ಸ್ವಂತ ದುಡ್ಡು. ಶಿವ ಒಂದು ಕಣ್ಣು ತೆರೆದಾಗ ಸುಟ್ಟಿದ್ದು ಮನ್ಮಥ ಒಬ್ಬನೇ ಎನ್ನುವುದನ್ನು ನೆನೆದರೆ, ಕಣ್ಣು ಹೆಚ್ಚಾದಷ್ಟೂ ಖರ್ಚು ಜಾಸ್ತಿ.

ಮೇಕರ್, ಚೆಕರ್ ಇಬ್ಬರೂ ಭಾರತದಲ್ಲಿ ಕೂತಿದ್ದ ವಿಪ್ರೋದವರು, ಅಪ್ರೂವರ್ ಅಮೆರಿಕದ ಡೆಲವೇರ್‌ನಲ್ಲಿದ್ದ ಬ್ಯಾಂಕಿನವರು. ಮೂವರಲ್ಲಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಆದದ್ದಿಷ್ಟು. ಅವತ್ತಿನ ವ್ಯವಹಾರದಲ್ಲಿ ಬರೀ ಬಡ್ಡಿ ಕಳಿಸುವ ನೇರ ದಾರಿ ಫ್ಲೆಕ್ಸ್‌ಕ್ಯೂಬ್ ಎಂಬ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಪೂರ್ತಿ ಸಾಲವೇ ತೀರುತ್ತಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಬೇಕು. ಹಾಗೆ ಹೇಳಿ, ಅಸಲು ಮಾತ್ರ ಆಚೆ ಹೋಗದಂತೆ ಬ್ಯಾಂಕಿನದೇ ಒಂದು ಒಳಖಾತೆಗೆ ತಿರುಗಿಸಬೇಕು. ತಿರುಗಿಸುವುದಕ್ಕೆ ಪರದೆಯ ಮೇಲೆ ಮೂರು ಚೌಕಗಳಿಗೆ ಟಿಕ್ ಹಾಕಬೇಕು: ಪ್ರಿನ್ಸಿಪಲ್, ಫ್ರಂಟ್, ಫಂಡ್.

ತಡೆಯಬೇಕಾದದ್ದು ಅಸಲು. ಪ್ರಿನ್ಸಿಪಲ್ ಎಂದರೂ ಅಸಲೇ. ಅದೊಂದಕ್ಕೆ ಟಿಕ್ ಹಾಕಿದರು, ಮೂವರೂ ಸರಿ ಎಂದರು. ನಮ್ಮಜ್ಜಿಯನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರೂ ಅದನ್ನೇ ಮಾಡುತ್ತಿದ್ದಳು. ಫ್ರಂಟ್ ಎಂದರೆ ಯಾವುದರ ಮುಂದೆ? ಫಂಡ್ ಎಂದರೆ ಯಾರಪ್ಪನ ಫಂಡು? ಮೂರಕ್ಕೂ ಟಿಕ್ ಹಾಕಬೇಕೆಂದು ಕೈಪಿಡಿಯಲ್ಲಿ ಬರೆದಿತ್ತು, ನಿಜ. ಕೈಪಿಡಿಯಲ್ಲಿ ಬರೆಯದೆ ಬಿಟ್ಟಿರುವುದು ಏನಿದೆ ಹೇಳಿ.

ಎಚ್ಚರಿಕೆಯೂ ಬಂದಿತ್ತು. ಹಣ ಬ್ಯಾಂಕಿನಿಂದ ಆಚೆ ಹೋಗುತ್ತದೆ, ಮುಂದುವರಿಯಬೇಕೆ ಎಂದು ಪರದೆ ಕೇಳಿತು. ಎಷ್ಟು ಹಣ ಎಂದು ಮಾತ್ರ ಬಾಯಿ ಬಿಡಲಿಲ್ಲ. ಬಡ್ಡಿ ಹೇಗಿದ್ದರೂ ಆಚೆ ಹೋಗಲೇಬೇಕಿತ್ತಲ್ಲ! ಸರಿ ಮಾಡಿದರೂ ಅದೇ ಪ್ರಶ್ನೆ, ತಪ್ಪು ಮಾಡಿದರೂ ಅದೇ ಪ್ರಶ್ನೆ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುವ ಮಗು ರಾಜಕುಮಾರ ಸತ್ತರೂ ಹೂಂ, ಬದುಕಿದರೂ ಹೂಂ ಅನ್ನುತ್ತದೆ. ಇವರೂ ಹೂಂ ಅಂದರು.

ಈ ಸಾಫ್ಟ್‌ವೇರಿನ ವಂಶಾವಳಿ ಇನ್ನೂ ಚೆನ್ನಾಗಿದೆ. ಸಿಟಿಯವರೇ ಭಾರತದಲ್ಲಿ ಹುಟ್ಟುಹಾಕಿದ ಸಾಫ್ಟ್‌ವೇರ್ ಕಂಪನಿ ಮುಂದೆ ಐ-ಫ್ಲೆಕ್ಸ್ ಎಂದಾಯಿತು. ನಮ್ಮ ಬೆಂಗಳೂರಿನಲ್ಲೂ ಅದಕ್ಕೆ ದೊಡ್ಡ ಕಚೇರಿಯಿತ್ತು. ಫ್ಲೆಕ್ಸ್‌ಕ್ಯೂಬ್ ಅದರ ಕೂಸು. 2005ರಲ್ಲಿ ಸಿಟಿ ತನ್ನ ಪಾಲನ್ನು ಒರಾಕಲ್‌ಗೆ 59.3 ಕೋಟಿ ಡಾಲರಿಗೆ ಮಾರಿ ಕೈತೊಳೆದುಕೊಂಡಿತು. ಹದಿನೈದು ವರ್ಷದ ಮೇಲೆ ಮೊಮ್ಮಗ ಬಂದು ಅಜ್ಜಿಯ ಗಂಟು ಬಿಚ್ಚಿ ಊರಿಗೆಲ್ಲ ಹಂಚಿದ. ಕೆಲವರು ವಾಪಸು ಕೊಟ್ಟರು. ಸುಮಾರು 50 ಕೋಟಿ ಡಾಲರ್ ಸಿಕ್ಕವರು, ನಮಗೆ ಬರಬೇಕಾದ ಸಾಲ ತಾನೇ, ಬಂದಿದೆ ಎಂದು ಜೇಬಿಗಿಟ್ಟರು. 2021ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಜೆಸ್ಸಿ ಫರ್ಮನ್ ಅವರೂ ಇಟ್ಟುಕೊಳ್ಳಿ ಎಂದರು. ಜಗತ್ತಿನ ಅಷ್ಟು ದೊಡ್ಡ ಬ್ಯಾಂಕು ಇಂಥ ತಪ್ಪು ಮಾಡೀತೆಂದು ಹಣ ಪಡೆದವರು ಹೇಗೆ ತಾನೇ ಊಹಿಸಬೇಕಿತ್ತು ಎನ್ನುವುದು ಅವರ ತೀರ್ಪಿನ ತಿರುಳು. ಬಂದ ಮೊತ್ತವೂ ಬಾಕಿಗೆ ಕಾಸಿಗೆ ಕಾಸು ಹೊಂದುತ್ತಿತ್ತು. ಲೆಕ್ಕದಲ್ಲಿ ಆ ಸಾಫ್ಟ್‌ವೇರ್ ಎಂದೂ ತಪ್ಪಿದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಿರುಗಿಸಿತು, ಬ್ಯಾಂಕು ಬಚಾವಾಯಿತು. ಚೌಕಗಳು ಮೂರಾಗಿದ್ದೇಕೆ ಎಂದು ಕೇಳಲು ಕಟಕಟೆಯಲ್ಲಿ ಡಿಸೈನರ್ ಇರಲಿಲ್ಲ.

ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ನನಗೆ ಗೊತ್ತು, ಯಾಕೆಂದರೆ ಆ ಕಸುಬಿನವರ ಜೊತೆ ನಾನೂ ಇದ್ದೆ. "ಯೂಸರ್ ರಿಸರ್ಚ್ ಮಾಡಿದ್ದೇವೆ" ಎನ್ನುತ್ತಿದ್ದ. ನಾವೂ ಮಾಡಿದ್ದೆವು. ಹೆಸರು ಬೇಡದ ಒಂದು ಕಂಪನಿಗೆ, ಹೋಟೆಲಿನ ಹಾಲಿನಲ್ಲಿ, ಎರಡು ದಿನ. ಗೋಡೆ ತುಂಬ ಹಳದಿ, ಗುಲಾಬಿ ಚೀಟಿಗಳು, ದಸರಾ ಗೊಂಬೆ ಕೂರಿಸಿದ ಹಾಗೆ. ಬಂದವರು ಐಟಿ ಮುಖ್ಯಸ್ಥರು, ಹಣಕಾಸಿನ ಮುಖ್ಯಸ್ಥರು, ಇಬ್ಬರು ಕನ್ಸಲ್ಟೆಂಟರು. ಸಾಫ್ಟ್‌ವೇರಿನ ಮುಂದೆ ದಿನಕ್ಕೆ ಎಂಟು ಗಂಟೆ ಕೂರುವ ಒಬ್ಬರನ್ನೂ ಕರೆದಿರಲಿಲ್ಲ. ಅವರು ಬಂದರೆ ಬಿಲ್ಲು ಯಾರು ಹಾಕುತ್ತಾರೆ? ಅವರ ಬದಲಿಗೆ ಒಂದು ಪರ್ಸೋನಾ, ಅಂದರೆ ಊಹೆಯ ಬಳಕೆದಾರಳು, ಸೃಷ್ಟಿಯಾಯಿತು: ಮೀನಾಕ್ಷಿ, 34 ವರ್ಷ, ಯೋಗ ಇಷ್ಟ, ಬದಲಾವಣೆಗೆ ಸದಾ ಸಿದ್ಧ. ಫೋಟೋದಲ್ಲಿ ಲ್ಯಾಪ್‌ಟಾಪ್ ನೋಡಿಕೊಂಡು ಒಬ್ಬಳೇ ನಗುತ್ತಿದ್ದಳು. ಅಕೌಂಟ್ಸ್ ವಿಭಾಗದಲ್ಲಿ ಹಾಗೆ ನಗುವವರನ್ನು ನಾನು ಇವತ್ತಿಗೂ ಕಂಡಿಲ್ಲ. ಭಾವನ ಕಾಲಿನ ಅಳತೆ ಕೊಟ್ಟು ನಮಗೆ ಚಪ್ಪಲಿ ಹೊಲಿಸಿದ ಹಾಗೆ ಕೆಲಸ ನಡೆಯಿತು.

ನಿಜವಾದ ಮೀನಾಕ್ಷಿಯನ್ನು ನೋಡಿದ್ದು ಪೀಣ್ಯದ ಕಾರ್ಖಾನೆಯೊಂದರಲ್ಲಿ, ಅದೂ ಪ್ರಿಂಟರ್ ಕೆಟ್ಟಿದ್ದರಿಂದ. ವಯಸ್ಸು ಐವತ್ತೆರಡು, ಹೆಸರು ಬೇರೆ. ಕೀಬೋರ್ಡಿನ ಕೆಳಗೆ ಹಳೇ ಕ್ಯಾಲೆಂಡರ್ ಹಾಳೆಯ ರ‍್ಯಾಪರ್ ಹಾಕಿದ ನೋಟ್‌ಬುಕ್ ಇಟ್ಟಿದ್ದರು. ಮೊದಲ ಪುಟದಲ್ಲಿ 'ಶ್ರೀ', ಕುಂಕುಮದ ಬೊಟ್ಟು. ಕೆಳಗೆ ನೀಲಿ ಇಂಕಿನಲ್ಲಿ: "1. ಮೊದಲು ಎಫ್7, ಆಮೇಲೆ ಎಫ್8. ಉಲ್ಟಾ ಒತ್ತಬಾರದು. 2. ಬ್ರಾಂಚ್ ಕೋಡ್ ಕೇಳಿದರೆ 999 ಹಾಕಿ, ಯಾಕೆ ಅಂತ ಗೊತ್ತಿಲ್ಲ. 3. ಕೆಂಪು ಮೆಸೇಜ್ ಬಂದರೆ ಹೆದರಬೇಡಿ, ಯೆಸ್ ಒತ್ತಿ."

"ಮೇಡಂ, ಆ ಕೆಂಪು ಮೆಸೇಜಲ್ಲಿ ಏನಿರುತ್ತೆ?" ಎಂದೆ.

"ಏನೋಪ್ಪ, ದಿನಾ ಬರುತ್ತೆ. ಒಂದಿನಾನೂ ಓದಿಲ್ಲ. ಓದ್ತಾ ಕೂತ್ರೆ ಮುನ್ನೂರು ಬಿಲ್ ಯಾರು ಹಾಕ್ತಾರೆ ಸರ್?"

ನಮ್ಮ ಹೊಸ ಡಿಸೈನಿನ ಬಣ್ಣದ ಪ್ರಿಂಟ್ ತೆಗೆದು ತೋರಿಸಿದೆ. ಕನ್ನಡಕ ಏರಿಸಿ, ದೂರ ಹಿಡಿದು, ಹತ್ತಿರ ತಂದು ನೋಡಿದರು. ಬಣ್ಣ ಚೆನ್ನಾಗಿದೆ ಎಂದರು. ಆಮೇಲೆ ಅಟೆಂಡರ್ ಹುಡುಗನನ್ನು ಕರೆದರು.

"ಹೊಸ ಸಾಫ್ಟ್‌ವೇರ್ ಬರುತ್ತಂತೆ ಕಣೋ. ಅಂಗಡಿಗೆ ಹೋದಾಗ ನಂಗೊಂದು ನೋಟ್‌ಬುಕ್ ತಗೊಂಡ್ ಬಾ." ಪ್ರಿಂಟನ್ನು ಇನ್ನೊಮ್ಮೆ ನೋಡಿ ಸೇರಿಸಿದರು: "ಇನ್ನೂರು ಪುಟದ್ದು."